ಲಾಗ್4ಜೆ: ಅಪಾಯ ಇದ್ದದ್ದು ನಿಮ್ಮ ಫೋನಿನಲ್ಲೋ, ಸರ್ವರ್ ಬರೆಯುವ ದಿನಚರಿಯಲ್ಲೋ?

‘ಜಾವಾದಲ್ಲಿ ಭಯಂಕರ ವೈರಸ್ ಸಿಕ್ಕಿದೆ. ಜಾವಾ ಬಳಸುವ ಆ್ಯಪ್‌ಗಳನ್ನೆಲ್ಲ ಕೂಡಲೇ ತೆಗೆದುಹಾಕಿ. ನಿಮ್ಮ ಎಲ್ಲ ಗುಂಪುಗಳಿಗೂ ಕಳಿಸಿ.’

ಈ ಧಾಟಿಯ ಸಂದೇಶ ನಿಮಗೆ ಬಂದರೆ ಅದರ ಹಿಂದೆ ಒಂದು ನಿಜವಾದ ಘಟನೆಯ ನೆರಳು ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ತಂತ್ರಾಂಶದಲ್ಲಿ ಗಂಭೀರ ದೋಷವೊಂದು ಬಯಲಾಗಿತ್ತು. ಅದರ ತೀವ್ರತೆಗೆ ತಜ್ಞರು ಕೊಟ್ಟ ಅಂಕ 10ಕ್ಕೆ 10. ಇಷ್ಟು ನಿಜ. ಉಳಿದದ್ದು ತಪ್ಪು. ಅದು ವೈರಸ್ ಅಲ್ಲ, ನಿಮ್ಮ ಫೋನಿನ ಆ್ಯಪ್‌ಗಳನ್ನು ಅಳಿಸಿದರೆ ಅದು ಹೋಗುವುದೂ ಇಲ್ಲ. ದೋಷ ಇದ್ದದ್ದು ಬ್ಯಾಂಕು, ಅಂಗಡಿ, ಆಟ, ಸರ್ಕಾರಿ ಸೇವೆಗಳ ಸರ್ವರ್‌ಗಳು ತಮ್ಮ ದಿನಚರಿ ಬರೆದುಕೊಳ್ಳುವ ವ್ಯವಸ್ಥೆಯಲ್ಲಿ. ಆ ದಿನಚರಿಯಲ್ಲಿ ನಿಮ್ಮ ಹೆಸರೂ ಇರುತ್ತದೆ. ಹಾಗಾಗಿ ಅದನ್ನು ಯಾರು, ಹೇಗೆ ಹೊಂದಿಸುತ್ತಾರೆ ಎನ್ನುವುದು ಎಂಜಿನಿಯರುಗಳಿಗಷ್ಟೇ ಬಿಟ್ಟ ವಿಷಯವೇನಲ್ಲ.

ಲಾಗ್ ಎಂದರೇನು?

ಲಾಗ್ ಎಂಬ ಪದದ ಮೂಲ ಅರ್ಥ ಮರದ ದಿಮ್ಮಿ. ಹಿಂದೆ ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆದು, ಹಗ್ಗ ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆ ಎಂದು ನೋಡಿ ಹಡಗಿನ ವೇಗ ಅಳೆಯುತ್ತಿದ್ದರು. ಆ ಅಳತೆ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. ಕಂಪ್ಯೂಟರಿಗೆ ಬಂದಾಗ ದಿಮ್ಮಿ ಹೋಗಿ ಬರವಣಿಗೆ ಮಾತ್ರ ಉಳಿಯಿತು.

ಒಂದು ಟಿಕೆಟ್ ಬುಕಿಂಗ್ ಸೇವೆಯನ್ನು ನೆನೆಸಿಕೊಳ್ಳಿ. ರಾತ್ರಿ 11ಕ್ಕೆ ನಿಮ್ಮ ಖಾತೆಯಿಂದ ಹಣ ಹೋಯಿತು, ಟಿಕೆಟ್ ಬರಲಿಲ್ಲ. ಬೆಳಗ್ಗೆ ನೀವು ದೂರು ಕೊಟ್ಟಾಗ ಆ ಕಂಪನಿಯವರು ನಡೆದದ್ದನ್ನು ಕಣ್ಣಾರೆ ಕಂಡಿರುವುದಿಲ್ಲ. ಅವರಿಗಿರುವ ಏಕೈಕ ಸಾಕ್ಷಿ ಲಾಗ್. ‘11:02:14ಕ್ಕೆ ಕೋರಿಕೆ ಬಂತು, 11:02:15ಕ್ಕೆ ಬ್ಯಾಂಕಿಗೆ ಕಳಿಸಿದೆ, 11:02:45ರವರೆಗೂ ಉತ್ತರ ಬರಲಿಲ್ಲ’ ಎಂಬಂಥ ಸಾಲುಗಳು. ಅವಿಲ್ಲದಿದ್ದರೆ ನಿಮ್ಮ ಹಣ ಎಲ್ಲಿ ನಿಂತಿದೆ ಎಂದು ಹುಡುಕುವುದೇ ಕಷ್ಟ. ಆದ್ದರಿಂದ ‘ಲಾಗ್ ಇಡುವುದೇ ಗೂಢಚರ್ಯೆ’ ಎಂಬ ಮಾತಿನಲ್ಲಿ ಹುರುಳಿಲ್ಲ. ಏನನ್ನು ಬರೆಯುತ್ತಾರೆ, ಎಷ್ಟು ದಿನ ಇಡುತ್ತಾರೆ, ಯಾರು ಓದಬಹುದು, ಇವು ಕೇಳಬೇಕಾದ ಪ್ರಶ್ನೆಗಳು.

ಜಾವಾ ಭಾಷೆಯಲ್ಲಿ ಬರೆದ ಸರ್ವರ್‌ಗಳಲ್ಲಿ ಈ ಕೆಲಸಕ್ಕೆ ಸಿದ್ಧ ಸಾಧನಗಳಿವೆ. ಸ್ವಿಟ್ಜರ್ಲೆಂಡಿನ ಜೆಕಿ ಗುಲ್ಜು ಆರಂಭಿಸಿದ ಲಾಗ್4ಜೆ ಅವುಗಳಲ್ಲಿ ಹಳೆಯದು. ಆಮೇಲೆ ಅವರೇ ಲಾಗ್‌ಬ್ಯಾಕ್ ಎಂಬ ಇನ್ನೊಂದನ್ನು ಮಾಡಿದರು. ಜಾವಾದೊಳಗೇ ಒಂದು ಬಂದಿದೆ. ಅಪಾಚೆ ಪ್ರತಿಷ್ಠಾನದ ಸ್ವಯಂಸೇವಕರು ಹೊಸದಾಗಿ ಬರೆದ ಲಾಗ್4ಜೆ 2 ನಮ್ಮ ಕಥೆಯ ನಾಯಕ, ಖಳನಾಯಕ ಎರಡೂ.

ಒಂದು ಪುಟದ ಕಡತ

ಲಾಗ್4ಜೆ 2 ಹೇಗೆ ವರ್ತಿಸಬೇಕು ಎಂದು ಹೇಳುವುದು ಒಂದು ಚಿಕ್ಕ ಸೆಟ್ಟಿಂಗ್ ಕಡತ. ಸಾಮಾನ್ಯವಾಗಿ ಎಕ್ಸ್‌ಎಂಎಲ್ ರೂಪದಲ್ಲಿರುತ್ತದೆ, ಎಷ್ಟೋ ಕಡೆ ಒಂದು ಪುಟ ಕೂಡ ತುಂಬುವುದಿಲ್ಲ. ಪ್ರೋಗ್ರಾಂ ಸಾವಿರಾರು ಪುಟ ಇರಬಹುದು, ಅದರ ನೆನಪಿನ ಶಕ್ತಿ ನಿರ್ಧಾರವಾಗುವುದು ಈ ಒಂದು ಪುಟದಲ್ಲಿ.

ಮೊದಲನೆಯದು ಮಟ್ಟ. ಟ್ರೇಸ್, ಡಿಬಗ್, ಇನ್ಫೋ, ವಾರ್ನ್, ಎರರ್, ಫೇಟಲ್ ಎಂದು 6 ಮಟ್ಟಗಳಿವೆ. ಟ್ರೇಸ್ ಎಂದರೆ ಪ್ರತಿ ಹೆಜ್ಜೆಯನ್ನೂ ಬರೆಯುವುದು, ಫೇಟಲ್ ಎಂದರೆ ಮನೆ ಬಿದ್ದಾಗ ಮಾತ್ರ ಬಾಯಿ ಬಿಡುವುದು. ಕಡತದಲ್ಲಿ ‘ಇನ್ಫೋ’ ಎಂದು ಹೇಳಿದರೆ ಇನ್ಫೋ ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ ದಾಖಲಾಗುತ್ತವೆ. ಡಿಬಗ್, ಟ್ರೇಸ್ ಮಾತುಗಳು ಗಾಳಿಗೆ ಹೋಗುತ್ತವೆ. ಪ್ರೋಗ್ರಾಮಿನ ಯಾವ ಭಾಗಕ್ಕೆ ಯಾವ ಮಟ್ಟ ಎಂದು ಬೇರೆ ಬೇರೆಯಾಗಿಯೂ ಹೇಳಬಹುದು: ಹಣ ಪಾವತಿಯ ಭಾಗಕ್ಕೆ ಡಿಬಗ್, ಉಳಿದದ್ದಕ್ಕೆ ವಾರ್ನ್ ಎಂಬಂತೆ. ಕಡತವೇ ಸಿಗದಿದ್ದರೆ ಲಾಗ್4ಜೆ 2 ಸುಮ್ಮನೆ ಎರರ್ ಮಟ್ಟ ಹಿಡಿದುಕೊಂಡು, ಫೈಲಿಗಲ್ಲದೆ ಪರದೆಗೆ ಬರೆಯುತ್ತದೆ. ‘ನಮ್ಮ ಲಾಗ್ ಖಾಲಿ ಇದೆ, ಆದ್ದರಿಂದ ಸಮಸ್ಯೆ ಇಲ್ಲ’ ಎನ್ನುವವರು ಮೊದಲು ಇದನ್ನು ನೋಡಬೇಕು.

ಎರಡನೆಯದು ಎಲ್ಲಿಗೆ ಬರೆಯಬೇಕು ಎನ್ನುವುದು. ಪರದೆಗೋ, ಫೈಲಿಗೋ, ದೂರದ ಇನ್ನೊಂದು ಯಂತ್ರಕ್ಕೋ. ಇದನ್ನು ಅಪೆಂಡರ್ ಎನ್ನುತ್ತಾರೆ. ಮೂರನೆಯದು ಸಾಲಿನ ರೂಪ. ಸಮಯ ಮೊದಲು, ಆಮೇಲೆ ಮಟ್ಟ, ಆಮೇಲೆ ಸಂದೇಶ, ಹೀಗೆ ಒಂದು ವಿನ್ಯಾಸ.

ಫೈಲು ಬೆಳೆಯುತ್ತಲೇ ಹೋದರೆ ಡಿಸ್ಕ್ ತುಂಬಿ ಸೇವೆಯೇ ನಿಲ್ಲಬಹುದು. ಅದಕ್ಕೆ ದಿನಕ್ಕೊಂದು ಅಥವಾ ಇಷ್ಟು ಎಂಬಿಗೊಂದು ಹೊಸ ಫೈಲು ಶುರುಮಾಡುವ ವ್ಯವಸ್ಥೆ ಇದೆ. ಇಲ್ಲೊಂದು ಸಣ್ಣ ಮುಳ್ಳು: ಎಷ್ಟು ಹಳೆಯ ಫೈಲು ಇಡಬೇಕು ಎಂಬ ಮಿತಿ ತಾನಾಗಿಯೇ 7 ಇರುತ್ತದೆ. ಅದನ್ನು 7 ದಿನ ಎಂದು ಓದಿಕೊಳ್ಳುವವರು ಬಹಳ. ಹೆಸರಿನಲ್ಲಿ ದಿನಾಂಕವೂ ಕ್ರಮಸಂಖ್ಯೆಯೂ ಇರುವ ಫೈಲುಗಳಲ್ಲಿ ಆ ಮಿತಿ ಅನ್ವಯಿಸುವುದು ಒಂದೇ ದಿನದೊಳಗಿನ ತುಂಡುಗಳಿಗೆ. ಹಿಂದಿನ ದಿನಗಳ ಫೈಲುಗಳು ಹಾಗೇ ಬಿದ್ದಿರುತ್ತವೆ. ಅಳಿಸಬೇಕೆಂದರೆ ಅದಕ್ಕೆ ಬೇರೆಯೇ ಸೂಚನೆ ಬರೆಯಬೇಕು. ‘ನಾವು ವಾರಕ್ಕಿಂತ ಹಳೆಯ ಮಾಹಿತಿ ಇಡುವುದಿಲ್ಲ’ ಎಂಬ ಭರವಸೆಯ ಹಿಂದೆ ಇಂಥ ಒಂದು ಅಂಕಿಯ ತಪ್ಪು ಓದು ಇರಬಹುದು.

ಬರೆದುಕೊ ಎಂದರೆ ಎದ್ದು ಹೊರಟ ಗುಮಾಸ್ತ

ಈಗ 2021ರ ಕಥೆಗೆ ಬರೋಣ. ಸೆಟ್ಟಿಂಗ್ ಕಡತದಲ್ಲಿ ಕೆಲವು ಜಾಗಗಳನ್ನು ಖಾಲಿ ಬಿಟ್ಟು, ‘ಇಲ್ಲಿ ಈ ಯಂತ್ರದ ಹೆಸರು ಹಾಕು’, ‘ಇಲ್ಲಿ ಇಂದಿನ ದಿನಾಂಕ ಹಾಕು’ ಎಂದು ಹೇಳುವ ಅನುಕೂಲ ಲಾಗ್4ಜೆ 2ರಲ್ಲಿದೆ. ಡಾಲರ್ ಚಿಹ್ನೆ ಹಾಕಿ, ಪುಷ್ಪಾವರಣದೊಳಗೆ ಬೇಕಾದದ್ದರ ಹೆಸರು ಬರೆದರೆ ಅದು ಹುಡುಕಿ ತುಂಬುತ್ತದೆ. ಇದಕ್ಕೆ ಲುಕಪ್ ಎಂದು ಹೆಸರು. ನೂರು ಸರ್ವರ್‌ಗಳಿಗೆ ನೂರು ಕಡತ ಬರೆಯುವ ಬದಲು ಒಂದೇ ಕಡತ ಸಾಕಾಗುತ್ತದೆ, ಆದ್ದರಿಂದ ನಿಜಕ್ಕೂ ಉಪಯುಕ್ತ.

2013ರಲ್ಲಿ ಈ ಲುಕಪ್ ಪಟ್ಟಿಗೆ ಜೆಎನ್‌ಡಿಐ ಎಂಬುದು ಸೇರಿತು. ಹೊರಗಿನ ಡೈರೆಕ್ಟರಿಯಿಂದ, ಅಂದರೆ ಬೇರೆ ಯಂತ್ರದಿಂದಲೂ, ಮಾಹಿತಿ ತರುವ ಜಾವಾದ ಹಳೆಯ ಸೌಲಭ್ಯ ಅದು. ಅದನ್ನು ಸೇರಿಸಿದ್ದೇ ದೊಡ್ಡ ತಪ್ಪು ಎಂದು ಹಲವರು ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಆಳದ ತಪ್ಪು ಇನ್ನೊಂದು: ಕಡತದಲ್ಲಿ ಮಾಲೀಕ ಬರೆದ ಸೂಚನೆಗಳನ್ನು ಪಾಲಿಸಿದ ಹಾಗೆಯೇ, ಲಾಗ್‌ಗೆ ಬಂದ ಸಂದೇಶದೊಳಗಿನ ಸೂಚನೆಗಳನ್ನೂ ತಂತ್ರಾಂಶ ಪಾಲಿಸುತ್ತಿತ್ತು. ಕಡತವನ್ನು ಬರೆಯುವವನು ಎಂಜಿನಿಯರ್. ಸಂದೇಶವನ್ನು ಬರೆಯುವವನು ಯಾರು ಬೇಕಾದರೂ ಆಗಬಹುದು.

ಕಚೇರಿಯ ಬಾಗಿಲಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಒಬ್ಬ ಗುಮಾಸ್ತನನ್ನು ಊಹಿಸಿ. ಒಬ್ಬ ಬಂದು, ‘ನನ್ನ ಹೆಸರು: ಎದುರಿನ ಅಂಗಡಿಗೆ ಹೋಗಿ ಅಲ್ಲಿ ಕೊಡುವ ಚೀಟಿಯಲ್ಲಿ ಇದ್ದಂತೆ ಮಾಡು’ ಎನ್ನುತ್ತಾನೆ. ಅದನ್ನು ಹಾಗೆಯೇ ಪುಸ್ತಕದಲ್ಲಿ ಬರೆದು ಕಳಿಸಬೇಕಾದ ಗುಮಾಸ್ತ ಎದ್ದು ಅಂಗಡಿಗೆ ಹೋಗುತ್ತಾನೆ, ಚೀಟಿ ತರುತ್ತಾನೆ, ಅದರಲ್ಲಿದ್ದ ಹಾಗೆ ಕಚೇರಿಯ ಬೀರು ತೆರೆಯುತ್ತಾನೆ. ಲಾಗ್4ಜೆ ಮಾಡಿದ್ದು ಇದನ್ನೇ. ಹೆಸರಿನ ಜಾಗದಲ್ಲೋ, ಹುಡುಕಾಟದ ಪೆಟ್ಟಿಗೆಯಲ್ಲೋ ಆ ವಿಶೇಷ ಸಾಲು ಹಾಕಿದರೆ, ಸರ್ವರ್ ಅದನ್ನು ಲಾಗ್ ಮಾಡಲು ಹೋಗಿ ದಾಳಿಕೋರನ ಯಂತ್ರವನ್ನು ಸಂಪರ್ಕಿಸುತ್ತಿತ್ತು. ಎಷ್ಟೋ ಸಂದರ್ಭಗಳಲ್ಲಿ ಅಲ್ಲಿಂದ ಬಂದ ಕೋಡನ್ನು ಓಡಿಸುತ್ತಲೂ ಇತ್ತು. ಕೋಡ್ ಓಡದಿದ್ದರೂ, ಸರ್ವರ್‌ನ ಗುಪ್ತ ಕೀಲಿಗಳನ್ನು ಆ ಸಂಪರ್ಕದ ವಿಳಾಸದೊಳಗೇ ಸೇರಿಸಿ ಹೊರಗೆ ಸಾಗಿಸಬಹುದಿತ್ತು.

2021ರ ನವೆಂಬರ್ 24ರಂದು ಅಲಿಬಾಬಾ ಕ್ಲೌಡ್‌ನ ಸುರಕ್ಷತಾ ತಂಡದ ಚೆನ್ ಝಾವೊಜುನ್ ಇದನ್ನು ಅಪಾಚೆಗೆ ತಿಳಿಸಿದರು. ಡಿಸೆಂಬರ್ 9ರಂದು ವಿಷಯ ಜಗತ್ತಿಗೇ ಗೊತ್ತಾಯಿತು. ಮೈನ್‌ಕ್ರಾಫ್ಟ್ ಆಟದ ಜಾವಾ ಆವೃತ್ತಿಯಲ್ಲಿ ಚಾಟ್ ಸಂದೇಶವೊಂದನ್ನು ಟೈಪ್ ಮಾಡಿದರೆ ಸಾಕಿತ್ತು. ಕೆಲವರು ತಮ್ಮ ಐಫೋನಿನ ಹೆಸರನ್ನೇ ಆ ಸಾಲಿಗೆ ಬದಲಿಸಿ, ಆ್ಯಪಲ್‌ನ ಸರ್ವರ್‌ನಿಂದ ಪ್ರತಿಕ್ರಿಯೆ ಬಂದದ್ದನ್ನು ತೋರಿಸಿದರು. ಕೆನಡಾದ ಕ್ವಿಬೆಕ್ ಪ್ರಾಂತ್ಯ ಮುನ್ನೆಚ್ಚರಿಕೆಯಾಗಿ ಸುಮಾರು 4,000 ಸರ್ಕಾರಿ ಜಾಲತಾಣಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ದೋಷಕ್ಕೆ ಸಿವಿಇ-2021-44228 ಎಂಬ ಸಂಖ್ಯೆಯೂ ‘ಲಾಗ್4ಶೆಲ್’ ಎಂಬ ಅಡ್ಡಹೆಸರೂ ಬಂದವು.

‘ಸೆಟ್ಟಿಂಗ್ ಬದಲಿಸಿದರೆ ಸಾಕು’ ಎಂಬ ಸಲಹೆ ಏನಾಯಿತು?

ಆ ದಿನಗಳಲ್ಲಿ ಎಂಜಿನಿಯರುಗಳ ಗುಂಪುಗಳಲ್ಲೂ ಫಾರ್ವರ್ಡ್‌ಗಳು ಓಡಾಡಿದವು. ಈ ರೋಗ ಅಜ್ಜಂದಿರ ಗುಂಪಿಗೆ ಮಾತ್ರ ಸೀಮಿತವಲ್ಲ. ‘ಸಂದೇಶದೊಳಗೆ ಲುಕಪ್ ಬೇಡ’ ಎಂದು ಹೇಳುವ ಒಂದು ಸೆಟ್ಟಿಂಗ್ ಹಾಕಿ, ಅಷ್ಟು ಸಾಕು ಎಂಬುದು ಅದರ ಸಾರ. ಮೊದಲಿಗೆ ಅಧಿಕೃತ ಸಲಹೆಯೂ ಅದೇ ಆಗಿತ್ತು. ಕೆಲವೇ ದಿನಗಳಲ್ಲಿ ಅದು ಸಾಲದು ಎಂದು ಗೊತ್ತಾಯಿತು. ಕಾರಣ ಮತ್ತೆ ಅದೇ ಒಂದು ಪುಟದ ಕಡತ. ಸಾಲಿನ ವಿನ್ಯಾಸದಲ್ಲೇ ‘ಇಲ್ಲಿ ಲಾಗಿನ್ ಆದವರ ಹೆಸರು ಹಾಕು’ ಎಂದು ಲುಕಪ್ ಬರೆದುಕೊಂಡಿದ್ದ ಕಡೆ, ಆ ಹೆಸರಿನ ಮೂಲಕವೇ ದಾಳಿಯ ಸಾಲು ಒಳಗೆ ಬರಬಹುದಿತ್ತು. ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಹೀಗೆ 2.15, 2.16, 2.17, 2.17.1 ಎಂದು ಅದೇ ಡಿಸೆಂಬರ್‌ನೊಳಗೆ ಒಂದರ ಹಿಂದೊಂದು ಹೊಸ ಆವೃತ್ತಿಗಳು ಬಂದವು. ಸಂದೇಶದೊಳಗಿನ ಲುಕಪ್ಪನ್ನು ಪೂರ್ತಿ ಕಿತ್ತುಹಾಕಿದ್ದು 2.16. ಅದನ್ನು ಹಾಕಿಕೊಂಡು ನಿಂತವರೂ ಮತ್ತೆ ಏಳಬೇಕಾಯಿತು. ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ 2022ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ಈ ದೋಷ ಇರುವ ವ್ಯವಸ್ಥೆಗಳು ಇನ್ನೂ ಹತ್ತು ವರ್ಷ ಅಥವಾ ಹೆಚ್ಚು ಕಾಲ ಅಲ್ಲಲ್ಲಿ ಉಳಿದಿರಬಹುದು ಎಂದು ಹೇಳಿತು. ಲಾಗ್4ಜೆ ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ, ಅವುಗಳ ಹೊಟ್ಟೆಯೊಳಗಿನ ಇನ್ನೊಂದರಲ್ಲಿ ಅಡಗಿರುವುದರಿಂದ, ತಮ್ಮಲ್ಲಿ ಅದು ಇದೆ ಎಂದೇ ಎಷ್ಟೋ ಕಂಪನಿಗಳಿಗೆ ತಿಳಿದಿರಲಿಲ್ಲ.

ಯಾವುದು ನಿಜ, ಯಾವುದು ಸುಳ್ಳು?

ಆಂಡ್ರಾಯ್ಡ್ ಆ್ಯಪ್‌ಗಳು ಬಹುತೇಕ ಜಾವಾ ಅಥವಾ ಕೋಟ್ಲಿನ್ ಭಾಷೆಯಲ್ಲಿವೆ, ಹಾಗಾಗಿ ನಿಮ್ಮ ಫೋನಿಗೂ ಲಾಗ್4ಶೆಲ್ ತಗುಲುತ್ತದೆ ಎನ್ನುವುದು ಕೇಳಲು ಸರಿಯೆನಿಸುತ್ತದೆ. ಆದರೆ ಆ ದಾಳಿಗೆ ಬೇಕಾದ ಜೆಎನ್‌ಡಿಐ ಭಾಗವೇ ಆಂಡ್ರಾಯ್ಡ್‌ನಲ್ಲಿ ಇಲ್ಲ. ಗುಮಾಸ್ತನಿಗೆ ಎದ್ದು ಹೋಗಲು ಕಾಲೇ ಇಲ್ಲದಂತೆ. ಫೋನಿನಲ್ಲಿ ಆಡುವ ಮೈನ್‌ಕ್ರಾಫ್ಟ್ ಕೂಡ ಜಾವಾ ಆವೃತ್ತಿಯಲ್ಲ, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಬೇರೆಯದೇ ಆವೃತ್ತಿ. ಮಕ್ಕಳ ಫೋನಿನಿಂದ ಅದನ್ನು ಈ ಕಾರಣಕ್ಕೆ ತೆಗೆಯಬೇಕಿಲ್ಲ (ಬೇರೆ ಕಾರಣಗಳಿದ್ದರೆ ನಿಮ್ಮಿಷ್ಟ).

‘ಅಪಾಚೆ ಹ್ಯಾಕ್ ಆಗಿದೆ’ ಎಂಬುದು ಇನ್ನೊಂದು. ಅಪಾಚೆ ಪ್ರತಿಷ್ಠಾನ ನೂರಾರು ತಂತ್ರಾಂಶಗಳನ್ನು ನಡೆಸುತ್ತದೆ. ಅದೇ ಹೆಸರಿನ ಜನಪ್ರಿಯ ವೆಬ್ ಸರ್ವರ್ ಇರುವುದು ಸಿ ಭಾಷೆಯಲ್ಲಿ. ಅದಕ್ಕೂ ಈ ದೋಷಕ್ಕೂ ಸಂಬಂಧವಿಲ್ಲ. ಜಾವಾಸ್ಕ್ರಿಪ್ಟ್‌ಗೂ ಜಾವಾಗೂ ಹೆಸರಿನ ಹೋಲಿಕೆ ಬಿಟ್ಟರೆ ನೆಂಟಸ್ತಿಕೆ ಇಲ್ಲ. ಆದ್ದರಿಂದ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಆಫ್ ಮಾಡುವುದರಿಂದಲೂ ಏನೂ ಸಿಗದು.

ಹಳೆಯ ಲಾಗ್4ಜೆ 1 ಬಳಸುವವರು ‘ನಮಗೆ ಈ ಕಾಟವಿಲ್ಲ’ ಎಂದು ಹೇಳಿಕೊಂಡದ್ದು ಅರ್ಧ ನಿಜ. ಈ ನಿರ್ದಿಷ್ಟ ದೋಷ ಅದರಲ್ಲಿರಲಿಲ್ಲ. ಆದರೆ ಅದರ ನಿರ್ವಹಣೆ 2015ರ ಆಗಸ್ಟ್‌ಗೇ ಅಧಿಕೃತವಾಗಿ ಮುಗಿದಿದೆ, ಬೇರೆ ದೋಷ ಸಿಕ್ಕರೆ ಸರಿಪಡಿಸುವವರಿಲ್ಲ. ಯಜಮಾನನಿಲ್ಲದ ಮನೆಗೆ ಕಳ್ಳ ಬಂದಿಲ್ಲ ಎಂದು ಸಮಾಧಾನ ಪಟ್ಟಂತೆ ಅದು.

ದಾಳಿಕೋರನೇ ಇಲ್ಲದೆ ಆಗುವ ಸೋರಿಕೆ

ಲಾಗ್4ಶೆಲ್ ದೊಡ್ಡ ಸದ್ದು ಮಾಡಿತು. ಆದರೆ ಸಾಮಾನ್ಯ ಬಳಕೆದಾರರ ಮಟ್ಟಿಗೆ ಹೆಚ್ಚು ಕಾಡುವ ತೊಂದರೆ ಸದ್ದೇ ಮಾಡುವುದಿಲ್ಲ: ಬರೆಯಬಾರದ್ದನ್ನು ಬರೆದುಬಿಡುವುದು.

2018ರ ಮೇ 3ರಂದು ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವುದನ್ನು ಪರಿಗಣಿಸಿ ಎಂದು ಹೇಳಿತು. ಯಾರೂ ಹ್ಯಾಕ್ ಮಾಡಿರಲಿಲ್ಲ. ಪಾಸ್‌ವರ್ಡ್‌ಗಳನ್ನು ಗುರುತು ಸಿಗದಂತೆ ಮಾರ್ಪಡಿಸಿ ಇಡುವ ಕ್ರಮ ಅಲ್ಲಿತ್ತು. ಆದರೆ ಮಾರ್ಪಡಿಸುವ ಮೊದಲೇ ಅವು ಕಂಪನಿಯೊಳಗಿನ ಒಂದು ಲಾಗ್‌ಗೆ ಇದ್ದ ಹಾಗೇ ಬರೆದುಹೋಗುತ್ತಿದ್ದವು. 2019ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಕೂಡ ಕೋಟ್ಯಂತರ ಪಾಸ್‌ವರ್ಡ್‌ಗಳು ತನ್ನ ಒಳ ವ್ಯವಸ್ಥೆಗಳಲ್ಲಿ ಓದಬಹುದಾದ ರೂಪದಲ್ಲಿ ಉಳಿದಿದ್ದವು ಎಂದು ಒಪ್ಪಿಕೊಂಡಿತು. ಆ ಪ್ರಕರಣದಲ್ಲಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗ 2024ರ ಸೆಪ್ಟೆಂಬರ್‌ನಲ್ಲಿ ಅದರ ಮಾತೃಸಂಸ್ಥೆ ಮೆಟಾಗೆ 9.1 ಕೋಟಿ ಯೂರೊ ದಂಡ ಹಾಕಿತು. ಅವು ಯಾವ ಭಾಷೆಯ ಪ್ರೋಗ್ರಾಂಗಳು ಎನ್ನುವುದು ಮುಖ್ಯವಲ್ಲ, ಜಾವಾದಲ್ಲೂ ಇದು ಆಗುವ ದಾರಿ ಸುಲಭ.

ಹೇಗೆಂದರೆ, ಪ್ರೋಗ್ರಾಮರ್ ಒಬ್ಬ ‘ಬಳಕೆದಾರ ಲಾಗಿನ್ ಆದ’ ಎಂದು ಬರೆಯುವ ಬದಲು, ಬಳಕೆದಾರನ ಇಡೀ ದಾಖಲೆಯನ್ನೇ ಲಾಗ್‌ಗೆ ಕೊಟ್ಟುಬಿಡುತ್ತಾನೆ. ಅದರಲ್ಲಿ ಹೆಸರು, ಮೊಬೈಲ್, ಒಟಿಪಿ ಎಲ್ಲ ಇರಬಹುದು. ಡಿಬಗ್ ಮಟ್ಟದಲ್ಲಿ ಬರೆದಿದ್ದಾನೆ, ಸರ್ವರ್‌ನಲ್ಲಿ ಇನ್ಫೋ ಇದೆ, ಆದ್ದರಿಂದ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಒಂದು ರಾತ್ರಿ ಪಾವತಿ ಕೆಡುತ್ತದೆ. ಯಾರೋ ಕಡತ ತೆರೆದು ಡಿಬಗ್ ಮಾಡುತ್ತಾರೆ. ಲಾಗ್4ಜೆ 2 ಇಂತಿಷ್ಟು ಸೆಕೆಂಡಿಗೊಮ್ಮೆ ಕಡತವನ್ನು ತಾನೇ ಮತ್ತೆ ಓದುವಂತೆ ಹೊಂದಿಸಿರಬಹುದು, ಹಾಗಿದ್ದರೆ ಸರ್ವರ್ ನಿಲ್ಲಿಸುವ ಅಗತ್ಯವೂ ಇಲ್ಲ. ಬೆಳಗಿನ ಹೊತ್ತಿಗೆ ಪಾವತಿ ಸರಿಯಾಗುತ್ತದೆ, ಎಲ್ಲರೂ ಮಲಗಲು ಹೋಗುತ್ತಾರೆ. ಡಿಬಗ್ ಹಾಗೇ ಉಳಿಯುತ್ತದೆ.

ಇನ್ನೊಂದು ದಾರಿಯೂ ಇದೆ. ಲಾಗ್4ಜೆ 2 ಸೆಟ್ಟಿಂಗ್ ಹುಡುಕುವಾಗ, ಬೇರೆ ಕಡತವನ್ನು ಸ್ಪಷ್ಟವಾಗಿ ಸೂಚಿಸಿರದಿದ್ದರೆ, ಪರೀಕ್ಷೆಗೆಂದು ಹೆಸರಿಟ್ಟ ಕಡತವನ್ನು ಮೊದಲು ನೋಡುತ್ತದೆ. ಪರೀಕ್ಷೆಯ ಕಡತ ಮರೆತು ನಿಜವಾದ ಸರ್ವರ್‌ಗೆ ಹೋದರೆ ಅದರದ್ದೇ ಮಾತು ನಡೆಯುತ್ತದೆ. ಪರೀಕ್ಷೆಯ ಕಡತದಲ್ಲಿ ಸಹಜವಾಗಿಯೇ ಡಿಬಗ್ ಇರುತ್ತದೆ.

ಕಡತದಲ್ಲೇ ಒಂದು ಮಟ್ಟಿನ ತಡೆ ಹಾಕಬಹುದು: ಸಾಲಿನ ವಿನ್ಯಾಸದಲ್ಲಿ ಸತತ 12 ಅಂಕಿ ಕಂಡರೆ ಅಲ್ಲಿ ನಕ್ಷತ್ರ ಹಾಕು ಎಂದು ಹೇಳುವ ಸೌಲಭ್ಯವಿದೆ. ಒಳ್ಳೆಯದೇ, ಆದರೆ ನಾಲ್ಕು ಅಂಕಿಗೊಮ್ಮೆ ಜಾಗ ಬಿಟ್ಟು ಬರೆದ ಆಧಾರ್ ಸಂಖ್ಯೆ ಇದರ ಕಣ್ಣಿಗೆ ಬೀಳುವುದಿಲ್ಲ. ಬರೆಯದೇ ಇರುವಷ್ಟು ಭದ್ರವಾದ ಉಪಾಯ ಬೇರೆ ಇಲ್ಲ.

ನೀವು ಮಾಡಬಹುದಾದದ್ದು ಏನು?

ಸರ್ವರ್‌ನ ಕಡತ ನಿಮ್ಮ ಕೈಯಲ್ಲಿಲ್ಲ. ಆದರೆ ಅದಕ್ಕೆ ಏನು ಹೋಗುತ್ತದೆ ಎನ್ನುವುದು ಸ್ವಲ್ಪ ನಿಮ್ಮ ಕೈಯಲ್ಲಿದೆ.

ಅವಸರದಲ್ಲಿ ಬಳಕೆದಾರ ಹೆಸರಿನ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ಟೈಪ್ ಮಾಡಿ ಒತ್ತಿಬಿಡುವುದು ಬಹಳ ಸಾಮಾನ್ಯ. ವಿಫಲವಾದ ಲಾಗಿನ್‌ಗಳಲ್ಲಿ ಬಳಕೆದಾರ ಹೆಸರನ್ನು ಲಾಗ್ ಮಾಡುವುದು ಎಲ್ಲೆಡೆ ಇರುವ ರೂಢಿ, ದಾಳಿ ಪತ್ತೆಗೆ ಅದು ಬೇಕೇ ಬೇಕು. ಅಂದರೆ ನಿಮ್ಮ ಪಾಸ್‌ವರ್ಡ್ ಈಗ ‘ಹೆಸರು’ ಎಂದು ದಾಖಲಾಗಿದೆ, ಮುಂದಿನ ಸಾಲಿನಲ್ಲೇ ನಿಮ್ಮ ನಿಜವಾದ ಹೆಸರೂ ಇದೆ. ಹಾಗಾದಾಗ ಪಾಸ್‌ವರ್ಡ್ ಬದಲಿಸಿ. ಇದು ಅತಿ ಎಚ್ಚರಿಕೆಯೇನಲ್ಲ.

ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಉದ್ದಕ್ಕೆ ಅಕ್ಷರ, ಅಂಕಿಗಳಿರುವ ಲಿಂಕ್‌ಗಳನ್ನು ಗಮನಿಸಿ. ಪಾಸ್‌ವರ್ಡ್ ಬದಲಾವಣೆ, ಟಿಕೆಟ್, ಆಸ್ಪತ್ರೆಯ ವರದಿ ಮುಂತಾದವಕ್ಕೆ ಬರುವ ಲಿಂಕ್‌ಗಳಲ್ಲಿ ಕೆಲವೊಮ್ಮೆ ಆ ಬಾಲವೇ ಕೀಲಿ. ಸರ್ವರ್‌ಗಳು ಸಾಮಾನ್ಯವಾಗಿ ಇಡೀ ವಿಳಾಸವನ್ನು ಲಾಗ್ ಮಾಡುತ್ತವೆ. ಅದನ್ನು ಗುಂಪಿಗೆ ಫಾರ್ವರ್ಡ್ ಮಾಡಿದರೆ ಕೀಲಿ ಗುಂಪಿನಲ್ಲಿರುವ ಎಲ್ಲರ ಕೈಗೂ ಹೋಗುತ್ತದೆ.

ಗ್ರಾಹಕ ಸೇವೆಯವರು ‘ಆ್ಯಪ್‌ನ ಲಾಗ್ ಫೈಲು ಕಳಿಸಿ’ ಎಂದಾಗ ಆ್ಯಪ್‌ನೊಳಗಿನ ಸಹಾಯ ವಿಭಾಗದಿಂದ ಮಾತ್ರ ಕಳಿಸಿ. ಆಂಡ್ರಾಯ್ಡ್ 4.1ರಿಂದ ಈಚೆಗೆ ಒಂದು ಸಾಮಾನ್ಯ ಆ್ಯಪ್ ಇನ್ನೊಂದರ ಲಾಗ್ ಓದುವಂತಿಲ್ಲ. ಆ ಗೋಡೆಯನ್ನು ನೀವೇ ದಾಟಿಸಿ ಅಪರಿಚಿತ ಸಂಖ್ಯೆಗೆ ವಾಟ್ಸ್‌ಆ್ಯಪ್ ಮಾಡಿದರೆ ಗೋಡೆ ಇದ್ದೂ ಇಲ್ಲದಂತೆ.

ಇನ್ನು ‘ಖಾತೆ ಅಳಿಸಿದ ಕೂಡಲೇ ನನ್ನ ಗುರುತೇ ಇರುವುದಿಲ್ಲ’ ಎಂಬ ನಂಬಿಕೆ. ಭಾರತದಲ್ಲಿ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾ ಸಂಸ್ಥೆಗಳು, ಕಂಪನಿಗಳು, ಸರ್ಕಾರಿ ಕಚೇರಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಲೇಬೇಕು. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ದಾಳಿಯಾದಾಗ ಜಾಡು ಹಿಡಿಯಲು ಇದು ಅಗತ್ಯ. ನೀವು ಇಂದು ಸಂಜೆ ಖಾತೆ ಅಳಿಸಿದರೂ, ಅಳಿಸಿದ್ದೀರಿ ಎಂಬ ಸಾಲು ಸಮಯದ ಸಮೇತ ಕನಿಷ್ಠ ಆರು ತಿಂಗಳು ಯಾವುದೋ ಸರ್ವರ್‌ನ ಲಾಗ್‌ನಲ್ಲಿ ಉಳಿದಿರುತ್ತದೆ.